ರಟ್ಟಿನ ಹಿಂದೆ ಬಿದ್ದ ದಾಳ

ಅಪ್ಪ ಕಟ್ಟಿದ ಮೇಜಿನಾಟವನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನನ್ನ ಹೆಗಲಿಗೆ ಬಿದ್ದು ಎಂಟು ತಿಂಗಳಾಗಿತ್ತು. ಬೆಂಕಿ ಮಂತ್ರ, ಮಂಜಿನ ಮಂತ್ರ ಎಲ್ಲ ಹೇಳಿದ ಹಾಗೆ ಕೇಳಿದವು. ಹಟ ಹಿಡಿದದ್ದು ಒಂದೇ, ಮರುಜೀವ ಮಂತ್ರ. ಅಪ್ಪನ ನಿಯಮ ಪುಸ್ತಕದ ಪ್ರಕಾರ ಸತ್ತ ಪಾತ್ರ ಏಳಬೇಕಾದರೆ ಎರಡು ದಾಳ ಸೇರಿ ಹನ್ನೆರಡು ಬೀಳಬೇಕು. ಸಾವಿರ ಸಲ ಓಡಿಸಿ ನೋಡಿದೆ. ಎದ್ದದ್ದು ಇಪ್ಪತ್ತೆಂಟು ಸಲ! ಥೂ, ಇದೇನು ಮಂತ್ರವೋ ಶಾಪವೋ? ಚಿಕ್ಕಂದಿನಲ್ಲಿ ಈ ಆಟದಲ್ಲಿ ನನ್ನ ಪಾತ್ರವಾಗಿದ್ದ ಮಾಟಗಾತಿ ಎಷ್ಟು ಸಲ ಸತ್ತಿದ್ದಳೋ ಅಷ್ಟು ಸಲವೂ ಎದ್ದು ಕೂತಿದ್ದಳು. ಪುಸ್ತಕದಲ್ಲೇ ಅಚ್ಚಿನ ತಪ್ಪಿದೆ ಎಂದು ನನಗೆ ಖಾತ್ರಿಯಾಯಿತು. ಆಟ ಅಂದೇ ಸಂಜೆ ಐದಕ್ಕೆ ಪ್ರಕಾಶಕರ ಕೈ ಸೇರಬೇಕು. ಅಪ್ಪನನ್ನು ಆಫೀಸಿಗೇ ಕರೆಸಿದೆ.

ಕರೆತಂದವನು ಅಣ್ಣ. ಲಿಫ್ಟ್ ರಿಪೇರಿ ಅವನ ಕೆಲಸ. ನಮ್ಮ ಲಿಫ್ಟಿನ ಜಾತಕ ಜಾಲಾಡಿಕೊಂಡೇ ಮೇಲೆ ಬಂದು ಬಾಗಿಲಿಗೆ ಒರಗಿ ನಿಂತ. ಹನ್ನೆರಡನೇ ವಯಸ್ಸಿಗೇ ಅವನು ಈ ಆಟ ಬಿಟ್ಟಿದ್ದ. ಅವನ ಸೈನಿಕ ಸತ್ತರೆ ಸತ್ತ, ಒಮ್ಮೆಯೂ ಏಳಲಿಲ್ಲ. ಅದೃಷ್ಟಗೆಟ್ಟ ಐರನ್ ಲೆಗ್ ಎಂದು ನಾನು ಅವನನ್ನು ರೇಗಿಸಿ ರೇಗಿಸಿ, ಅದೇ ಅವನ ಹೆಸರಾಗಿಬಿಟ್ಟಿತ್ತು.

"ಅಪ್ಪಾ, ಈ ಹನ್ನೆರಡು ತಪ್ಪು ತಾನೇ? ಎಷ್ಟು ಅಂತ ಬೇಗ ಹೇಳಿ, ತಿದ್ದಿಬಿಡ್ತೀನಿ."

ಅಪ್ಪ ಪುಟ ನೋಡಿದರು. "ತಪ್ಪಿಲ್ಲಮ್ಮ. ಹನ್ನೆರಡೇ."

"ಹಾಗಾದ್ರೆ ನನ್ನ ಮಾಟಗಾತಿ ಹೇಗೆ ಏಳ್ತಿದ್ಲು?"

"ರಟ್ಟು ಅಡ್ಡ ಇಟ್ಕೊಂಡು ದಾಳ ಹಾಕ್ತಿದ್ದವನು ನಾನಲ್ವಾ? ಅವಳು ಸತ್ರೆ ನೀನು ಊಟ ಬಿಟ್ಟು ಅಳ್ತಿದ್ದೆ. ಏನೇ ಬಿದ್ರೂ ಹನ್ನೆರಡು ಅಂದುಬಿಡ್ತಿದ್ದೆ," ಎಂದು ನಕ್ಕರು.

ನನ್ನಷ್ಟು ಅದೃಷ್ಟವಂತೆ ಇಲ್ಲ ಎಂದು ಇಷ್ಟು ವರ್ಷ ಜಂಬ ಕೊಚ್ಚಿಕೊಂಡಿದ್ದೆನಲ್ಲ, ಅಯ್ಯೋ! ಮರುಕ್ಷಣವೇ ಅಣ್ಣನ ಸೈನಿಕ ನೆನಪಾದ. ಬಾಗಿಲ ಕಡೆ ನೋಡಲು ಧೈರ್ಯ ಬರಲಿಲ್ಲ.

"ನಂಗೆ?" ಅಣ್ಣ ಕೇಳಿದ.

"ನೀನೆಲ್ಲಿ ಅಳ್ತಿದ್ದೆಯೋ? ನಗ್ತಾ ಎದ್ದು ಹೋಗ್ತಿದ್ದೆ. ನಿಂಗೆ ಬಿದ್ದದ್ದನ್ನೇ ಹೇಳ್ತಿದ್ದೆ."

ಅಣ್ಣನ ಮುಖ ಬಿಳಿಚಿಕೊಂಡಿತು.

"ನನ್ನ ಅದೃಷ್ಟಕ್ಕೆ ಯಾವುದೂ ಕೈಗೆ ಹತ್ತಲ್ಲ ಅಂತ ಎಂಜಿನಿಯರಿಂಗ್ ಪರೀಕ್ಷೆಗೆ ಅರ್ಜೀನೇ ಕೊಡ್ಲಿಲ್ಲ ಅಪ್ಪಾ. ತುಂಬಿ ಇಟ್ಟಿದ್ದೆ. ಕೊನೇ ದಿನ ಕೌಂಟರ್ ತನಕ ಹೋಗಿ ವಾಪಸ್ ಬಂದೆ."

ಅಪ್ಪನ ನಗು ಮುಖದಲ್ಲೇ ನಿಂತುಹೋಯಿತು. "ಅಲ್ಲ ಕಣೋ... ಅದು ಬರೀ ಆಟ..."

"ನಿಮಗೆ."

ಗಂಟೆ ನಾಲ್ಕೂಮುಕ್ಕಾಲು. ನನಗೆ ಅಳು ಬಂತು. ಛೇ, ಈಗಲೂ ನಾನೇ ಅಳುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. "ಅಣ್ಣಾ, ಮರುಜೀವಕ್ಕೆ ಎಷ್ಟು ಹಾಕ್ಲಿ ಹೇಳು," ಎಂದೆ.

"ಪುಸ್ತಕದಲ್ಲಿರೋದೇ ಇರ್ಲಿ," ಎಂದು ಅಣ್ಣ ರಿಪೇರಿ ಸಾಮಾನಿನ ಚೀಲ ಹೆಗಲಿಗೇರಿಸಿದ. "ದಾಳ ಮಾತ್ರ ಪರದೆ ಮೇಲೆ ಕಾಣೋ ಹಾಗೆ ಉರುಳಿಸು. ಎಷ್ಟು ಬಿತ್ತು ಅಂತ ಆಡೋ ಮಕ್ಕಳೇ ನೋಡ್ಲಿ."

ಅಪ್ಪನನ್ನು ಕರೆಯದೆ ಅವನು ಮೆಟ್ಟಿಲಿಳಿದು ಹೋದ.