ಕೆಂಪು ಪಟ್ಟಿಯ ಐದು ಪಿನ್ನುಗಳು

1982ರ ಮೇ ತಿಂಗಳ ಒಂದು ಸೋಮವಾರ ಸ್ಯಾನ್ ಹುಲಿಯಾನ್ ನೆಲೆಯಿಂದ ನಾಲ್ಕು ವಿಮಾನಗಳು, ಇಂಗ್ಲಿಷರೊಡನೆ ನಮ್ಮ ಯುದ್ಧ ನಡೆಯುತ್ತಿದ್ದ ಮಾಲ್ವಿನಾಸ್ ದ್ವೀಪಗಳ ಕಡೆ ಹೊರಟವು. ಮಧ್ಯಾಹ್ನದ ಹೊತ್ತಿಗೆ ಮೂರು ಮರಳಿದವು. ನಾಲ್ಕನೆಯದು ನಿಲ್ಲಬೇಕಾದ ಜಾಗದಲ್ಲಿ ನಾನು ಏಣಿ ಹಿಡಿದುಕೊಂಡು ನಿಂತಿದ್ದೆ. ಅಲ್ಲಿ ಸಿಮೆಂಟಿನ ಮೇಲೆ ಒಂದು ಎಣ್ಣೆಯ ಕಲೆ ಇತ್ತು, ಗಾಳಿ ಇತ್ತು, ಮತ್ತೇನೂ ಇರಲಿಲ್ಲ.

ನನ್ನ ಜೇಬಿನಲ್ಲಿ ಐದು ಪಿನ್ನುಗಳಿದ್ದವು. ಬೆರಳುದ್ದದ ಉಕ್ಕಿನ ಪಿನ್ನುಗಳು, ಪ್ರತಿಯೊಂದಕ್ಕೂ ಒಂದು ಕೆಂಪು ಬಟ್ಟೆಯ ಪಟ್ಟಿ. ವಿಮಾನ ನೆಲದ ಮೇಲಿರುವಾಗ ಅದರ ಅಪಾಯಗಳನ್ನೆಲ್ಲ ಹಿಡಿದಿಡುವುದು ಇವೇ. ಕಾಲುಗಳು ಮಡಚಿಕೊಳ್ಳದಂತೆ ಮೂರು, ಬಾಂಬು ಕಳಚದಂತೆ ಒಂದು, ಆಸನ ತಾನಾಗಿ ಸಿಡಿದು ಪೈಲಟನನ್ನು ಹೊರಗೆಸೆಯದಂತೆ ಒಂದು. ಹೊರಡುವ ಮುನ್ನ ಮೆಕ್ಯಾನಿಕ್ ಐದನ್ನೂ ಎಳೆದು, ಏಣಿ ಇಳಿದು, ವಿಮಾನದ ಮೂತಿಯ ಮುಂದೆ ನಿಂತು ಮೇಲೆತ್ತಿ ತೋರಿಸಬೇಕು. ಪೈಲಟ್ ಬೆರಳು ಮಡಚಿ ಎಣಿಸುತ್ತಾನೆ. ಐದಾದ ಮೇಲೆ ಹೆಬ್ಬೆರಳು ಎತ್ತುತ್ತಾನೆ. ಐದಾಗದೆ ಹೆಬ್ಬೆರಳಿಲ್ಲ. ವಿಮಾನ ಮರಳಿದಾಗ ಪಿನ್ನುಗಳು ಮತ್ತೆ ತಮ್ಮ ಜಾಗಕ್ಕೆ ಹೋಗುತ್ತವೆ. ಅಲ್ಲಿಯವರೆಗೆ ಅವು ಮೆಕ್ಯಾನಿಕ್‌ನ ಜೇಬಿನಲ್ಲಿರುತ್ತವೆ.

ನನ್ನ ಪೈಲಟ್ ಲೆಫ್ಟಿನೆಂಟ್ ತಾದೆಯೊ ಇರುಸ್ತಾ. ಇಪ್ಪತ್ತಾರು ವರ್ಷ. ನಮ್ಮ ವಿಯಾ ಮರ್ಸೆದೆಸ್ ಊರಿನವನೇ, ನಮ್ಮ ಹಿಂದಿನ ಬೀದಿಯವನು. ಅಂದು ಬೆಳಿಗ್ಗೆ ನಾನು ಅವನನ್ನು ಆಸನಕ್ಕೆ ಕಟ್ಟುವ ಪಟ್ಟಿಗಳನ್ನು ಬಿಗಿಯುತ್ತಿದ್ದಾಗ ನಕ್ಕು ಹೇಳಿದ್ದ:

"ಇಷ್ಟು ಬಿಗೀಬೇಡ ಮಾರಾಯ, ಉಸಿರಾಡೋಕಾದ್ರೂ ಜಾಗ ಇರ್ಲಿ."

"ಬಂದಮೇಲೆ ಬೇಕಾದಷ್ಟು ಉಸಿರಾಡಿ, ಲೆಫ್ಟಿನೆಂಟ್."

ಮೂರನೆಯ ವಿಮಾನದ ಪೈಲಟ್ ಇಳಿದು ನನ್ನ ಬಳಿಗೆ ಬಂದ. ಮುಖ ನೋಡಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ಹಡಗಿನ ಗುಂಡು ತಾಗ್ತು ಎಲ್ಬಿಯೊ. ನೀರಿಗೆ ಬಿತ್ತು. ಪ್ಯಾರಾಶೂಟ್ ಕಾಣ್ಲಿಲ್ಲ" ಎಂದ. ನಾನು ಏಣಿಯನ್ನು ಶೆಡ್ಡಿಗೆ ಒಯ್ದು ಒರಗಿಸಿದೆ. ಉಗ್ರಾಣದವನು ಪಿನ್ನುಗಳನ್ನು ಕೇಳಲಿಲ್ಲ. ನಾನೂ ಕೊಡಲಿಲ್ಲ.

ಅದಾಗಿ ನಲವತ್ತೊಂದು ವರ್ಷಗಳ ಮೇಲೆ, ತಾದೆಯೊನ ಕತೆಯನ್ನು ಚಿತ್ರ ಮಾಡಲು ನಮ್ಮೂರಿಗೆ ಸಿನಿಮಾದವರು ಬಂದರು.

ನಮ್ಮ ನಿವೃತ್ತ ಸೈನಿಕರ ಸಂಘದ ಶೆಡ್ಡಿನಲ್ಲಿ ಒಂದು ಸ್ಕೈಹಾಕ್ ಇದೆ. ತಾದೆಯೊ ಹಾರಿಸಿದ ಜಾತಿಯದೇ ವಿಮಾನ. ಹಾರುವುದಿಲ್ಲ, ಆದರೆ ಅದರ ಗಾಜಿನ ಮುಚ್ಚಳ ತೆರೆಯುತ್ತದೆ, ದೀಪ ಉರಿಯುತ್ತದೆ, ಚಕ್ರ ಉರುಳುತ್ತದೆ. ಶನಿವಾರಗಳಂದು ನಾವು ಮುದುಕರು ಸೇರಿ ಅದನ್ನು ತೊಳೆದು, ಎಣ್ಣೆ ಹಾಕಿ, ಆಮೇಲೆ ಅದರ ರೆಕ್ಕೆಯ ನೆರಳಲ್ಲೇ ಮಾಂಸ ಸುಟ್ಟು ಉಣ್ಣುತ್ತೇವೆ. ನಿರ್ದೇಶಕ ಬ್ರೂನೊ ಬ್ವೆನೊಸ್ ಐರೆಸ್‌ನವನು, ವಿನಯವಂತ. ನಿಜವಾದ ವಿಮಾನ ಬೇಕು, ನಿಜವಾದ ಜನರ ಸಲಹೆ ಬೇಕು ಎಂದ. ಬದಲಿಗೆ ಸೋರುತ್ತಿದ್ದ ನಮ್ಮ ಶೆಡ್ಡಿಗೆ ಹೊಸ ಮಾಡು ಹೊದಿಸಿಕೊಡುವುದಾಗಿ ಮಾತು ಕೊಟ್ಟ.

ಮೊದಲ ದಿನ ಅವನು ಕಂಪ್ಯೂಟರಿನಲ್ಲಿ ಮಾಡಿಸಿದ ಯುದ್ಧದ ಒಂದು ತುಣುಕು ತೋರಿಸಿದ. ವಿಮಾನಗಳು ಮೋಡದಿಂದ ಹದ್ದಿನಂತೆ ಇಳಿದವು, ಪೈಲಟರು ರೇಡಿಯೊದಲ್ಲಿ ಕೂಗಾಡಿದರು, ಬಾಂಬುಗಳು ಬಿದ್ದವು, ಹಡಗು ಹೊತ್ತಿಕೊಂಡಿತು. ಬಾಂಬು ಕಟ್ಟುವ ಕೆಲಸ ಮಾಡುತ್ತಿದ್ದ ನನ್ನ ಗೆಳೆಯ ಲುಸೆರೊ ಹೊಟ್ಟೆ ಸವರಿಕೊಂಡು ನೋಡುತ್ತಿದ್ದ. ಅವನನ್ನು ಆಗಲೂ ಈಗಲೂ ನಾವು ಕರೆಯುವುದು ಗೊರ್ದೊ, ಡುಮ್ಮ, ಎಂದೇ.

"ತಮ್ಮಾ, ಆ ಬಾಂಬುಗಳನ್ನ ಎಲ್ಲಿಂದ ತಂದ್ರಿ?" ಎಂದು ಕೇಳಿದ.

"ಯಾಕೆ, ಆಕಾರ ತಪ್ಪಾಗಿದೆಯಾ?"

"ಆಕಾರ ಸರಿಯಾಗೇ ಇದೆ. ಎಲ್ಲಾನೂ ಸಿಡೀತಾವಲ್ಲ! ನಂಗೆ ಅಂಥವು ಆಗ ಸಿಕ್ಕಿದ್ರೆ ಈ ಯುದ್ಧದ ಕತೇನೇ ಬೇರೆ ಆಗ್ತಿತ್ತು. ನಮ್ಮ ಹುಡುಗ್ರು ಅಷ್ಟು ಕೆಳಗೆ ಹೋಗಿ ಹಾಕ್ತಿದ್ರು, ಬಾಂಬು ಎಚ್ಚರ ಆಗೋ ಮೊದ್ಲೇ ಹಡಗಿನ ಒಂದು ಪಕ್ಕದಿಂದ ಹೊಕ್ಕು ಇನ್ನೊಂದು ಪಕ್ಕದಿಂದ ಹೊರಟುಬಿಡ್ತಿತ್ತು. ಎಷ್ಟೋ ಸಲ."

ಅವನು ನಗುತ್ತಲೇ ಹೇಳಿದ. ಆ ನಗೆ ನನಗೆ ಗೊತ್ತು. ಅದು ಅವನ ಎದೆಯೊಳಗೆ ಸಿಡಿಯದೆ ಉಳಿದ ಬಾಂಬು.

ನಾನು ಹೇಳಿದೆ, ಮೋಡದಿಂದ ಯಾರೂ ಇಳಿಯಲಿಲ್ಲ, ಅಲೆಗಳ ತಲೆ ಸವರಿಕೊಂಡು ಹೋದರು. ಮುಂದಿನ ಗಾಜು ಇಷ್ಟು ಶುಭ್ರವಾಗಿರಲಿಲ್ಲ, ಸಮುದ್ರದ ಉಪ್ಪು ಕಟ್ಟಿ ಬೆಳ್ಳಗಾಗುತ್ತಿತ್ತು. ರೇಡಿಯೊದಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ.

"ಬಾಯಿಬಿಟ್ರೆ ಇಂಗ್ಲಿಷರಿಗೆ ಕಾಗದ ಬರೆದ ಹಾಗೆ" ಎಂದ ಗೊರ್ದೊ.

ಬ್ರೂನೊ ಎಲ್ಲವನ್ನೂ ಬರೆದುಕೊಂಡ. ಕೆಲವನ್ನು ತಿದ್ದಿಯೂ ತಿದ್ದಿದ. ನನಗೆ ಅವನ ಮೇಲೆ ವಿಶ್ವಾಸ ಹುಟ್ಟಿತು. ತಾದೆಯೊ ಪಾತ್ರದ ನಟ ಲಿಸಾಂದ್ರೊನಿಗೆ ಎರಡು ವಾರ ಪಾಠ ಹೇಳಿದೆ: ಏಣಿಗೆ ಯಾವ ಕಾಲು ಮೊದಲು, ಪಟ್ಟಿಗೆ ತೋಳು ಹೇಗೆ ಚಾಚಬೇಕು, ಪಿನ್ನು ಹೇಗೆ ಎಣಿಸಬೇಕು. ಮೊದಮೊದಲು ಅವನು ಎಣಿಸದೆಯೇ ಹೆಬ್ಬೆರಳು ಎತ್ತಿಬಿಡುತ್ತಿದ್ದ. ಹಾಗೆ ಮಾಡಿದಾಗಲೆಲ್ಲ ಅವನನ್ನು ಇಳಿಸಿ ಮತ್ತೆ ಹತ್ತಿಸಿದೆ.

"ಡೋನ್ ಎಲ್ಬಿಯೊ, ನನ್ನ ಅಪ್ಪನೂ ಇಷ್ಟು ಗೋಳು ಹುಯ್ಕೊಂಡಿಲ್ಲ" ಎಂದು, ಹಿರಿಯರಿಗೆ ಸಲ್ಲುವ ಡೋನ್ ಸೇರಿಸಿಯೇ ಗೊಣಗುತ್ತಿದ್ದ.

ಚಿತ್ರೀಕರಣದ ಹಿಂದಿನ ದಿನ, ತಾದೆಯೊನ ವಿಮಾನ ಹೊರಡುವ ದೃಶ್ಯದ ಹಾಳೆಗಳು ಬಂದವು. ಗೊರ್ದೊ ಕನ್ನಡಕ ಏರಿಸಿ ಓದಿದ. ತಮಾಷೆ ಮಾಡಲಿಲ್ಲ. ಹಾಳೆಗಳನ್ನು ನನ್ನ ಕೈಗಿಟ್ಟ.

ಅಲ್ಲಿ ಹೀಗೆ ಬರೆದಿತ್ತು: ಮೆಕ್ಯಾನಿಕ್‌ನ ಕೈ ಚಳಿಗೆ ನಡುಗುತ್ತದೆ. ನಾಲ್ಕು ಪಿನ್ನು ಎಳೆಯುತ್ತಾನೆ. ಐದನೆಯದು, ಆಸನದ್ದು, ಮರೆತುಹೋಗುತ್ತದೆ. ಮುಂದೆ, ವಿಮಾನಕ್ಕೆ ಗುಂಡು ತಗುಲಿದಾಗ ಲೆಫ್ಟಿನೆಂಟ್ ಇರುಸ್ತಾ ಆಸನದ ಹಿಡಿಯನ್ನು ಎಳೆಯುತ್ತಾನೆ. ಏನೂ ಆಗುವುದಿಲ್ಲ. ಮತ್ತೆ ಎಳೆಯುತ್ತಾನೆ. ಅವನ ಮುಖ, ಹತ್ತಿರದಿಂದ.

ನಾನು ಬ್ರೂನೊನ ಬಳಿಗೆ ಹೋದೆ.

"ಇದು ನಡೆದದ್ದಲ್ಲ" ಎಂದೆ.

"ಗೊತ್ತು ಡೋನ್ ಎಲ್ಬಿಯೊ. ಆದ್ರೆ ಇದು ಸಿನಿಮಾ. ನೋಡೋರಿಗೆ ಒಂದು ಕಾರಣ ಬೇಕು. ಗುಂಡು ತಾಗ್ತು, ಬಿದ್ದ, ಸತ್ತ ಅಂದ್ರೆ ಯಾರೂ ಅಳೋದಿಲ್ಲ."

"ನಾನು ನಲವತ್ತೊಂದು ವರ್ಷದಿಂದ ಅಳ್ತಾ ಇದ್ದೀನಲ್ಲಪ್ಪ."

ಅವನು ತಲೆ ತಗ್ಗಿಸಿದ. ಮೆಕ್ಯಾನಿಕ್‌ನ ಹೆಸರು ಬದಲಿಸಿದ್ದೇವೆ ಎಂದ. ಪೈಲಟನ ಹೆಸರು? ಅದು ಹಾಗೆಯೇ ಇರುತ್ತದೆ, ಅವರ ಅಕ್ಕ ಒಪ್ಪಿಗೆ ಕೊಟ್ಟಿದ್ದಾರೆ ಎಂದ. ವಿಯಾ ಮರ್ಸೆದೆಸ್‌ನಲ್ಲಿ ಇರುಸ್ತಾನ ಮೆಕ್ಯಾನಿಕ್ ಯಾರೆಂದು ರೊಟ್ಟಿ ಅಂಗಡಿಯವನನ್ನು ಕೇಳಿದರೂ ಹೇಳುತ್ತಾನೆ. ನಾನು ಜೇಬಿನಿಂದ ಪಿನ್ನುಗಳನ್ನು ತೆಗೆದು ಬ್ರೂನೊನ ಮುಂದೆ ಹಿಡಿದೆ. ಕೆಂಪು ಪಟ್ಟಿಗಳು ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿವೆ. ಆಸನದ ಪಿನ್ನಿನ ಪಟ್ಟಿ ಉಳಿದವುಗಳಿಗಿಂತ ಒಂದು ಗೇಣು ಉದ್ದ.

"ಇದು ಅವನ ವಿಮಾನದಲ್ಲಿದ್ದಿದ್ರೆ ಈಗ ಸಮುದ್ರದ ತಳದಲ್ಲಿ ಇರ್ಬೇಕಿತ್ತು. ನನ್ನ ಕೈಯಲ್ಲಿ ಹೇಗಿದೆ?"

ಅವನ ಕಣ್ಣು ಅರಳಿತು. "ಇವು ಅವತ್ತಿನವೇನಾ? ಅದ್ಭುತ! ನಾಳೆಗೆ ಕೊಡ್ತೀರಾ? ಹತ್ತಿರದಿಂದ ಒಂದು ಶಾಟ್ ತೆಗೀತೀನಿ."

ನಾನು ಮುಷ್ಟಿ ಮುಚ್ಚಿಕೊಂಡೆ.

ಸಂಜೆ ಇಗರ್ಜಿಗೆ ಹೋಗಿ, ವಿಮಾನ ಹಾರಿಸುವವರನ್ನು ಕಾಯುವ ಲೊರೆತೊ ಮಾತೆಯ ಮುಂದೆ ಮೊಣಕಾಲೂರಿದೆ. ನನ್ನ ಹೆಸರು ಹೋದರೆ ಹೋಗಲಿ, ಸುಮ್ಮನಿರುವುದೇ ವಿನಯವಲ್ಲವೇ ಎಂದು ಕೇಳಿಕೊಂಡೆ. ಆದರೆ ಮನಸ್ಸಿಗೆ ಬಂದದ್ದು ತಾದೆಯೊನ ಅಕ್ಕ ಎರ್ಮಿನಿಯಾ. ಎಂಬತ್ಮೂರು ವರ್ಷ, ಒಂಟಿ ಜೀವ. ಪ್ರತಿ ವರ್ಷ ಅವನು ಸತ್ತ ದಿನ ನನ್ನನ್ನು ಕರೆದು ಮಾಟೆ ಎಂಬ ಎಲೆಯ ಕಷಾಯ ಕುಡಿಸುತ್ತಾಳೆ. ಈ ಸಿನಿಮಾ ಬಂದಾಗ ಊರಿನ ಚಿತ್ರಮಂದಿರದಲ್ಲಿ ಮೊದಲ ಸಾಲಿನಲ್ಲಿ ಅವಳನ್ನು ಕೂರಿಸುತ್ತಾರೆ. ತಮ್ಮನು ತನ್ನ ಸೊಂಟದ ಬಳಿಯ ಹಿಡಿಯನ್ನು ಜಗ್ಗುತ್ತಾ, ಯಾರೋ ಮರೆತ ಬೆರಳುದ್ದದ ಕಬ್ಬಿಣಕ್ಕಾಗಿ ಸಾಯುವುದನ್ನು ಅವಳು ನೋಡುತ್ತಾಳೆ. ಆಮೇಲೆ ಅವಳಿಗೆ ಉಳಿದಿರುವ ದಿನಗಳಲ್ಲೆಲ್ಲ ಅವಳ ಕಣ್ಣ ಮುಂದೆ ಇರುವುದು ಆ ಮುಖವೇ. ಇದಕ್ಕೆ ಸುಮ್ಮನಿರುವುದು ವಿನಯವಲ್ಲ. ನಾನು ಎದ್ದು ಬಂದೆ.

ಮರುದಿನ ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಕೂತಿತ್ತು. ವಿಮಾನವನ್ನು ಶೆಡ್ಡಿನಿಂದ ಹೊರಗೆ ಎಳೆದಿದ್ದರು. ವಿಮಾನವನ್ನು ಕೊಡಬೇಡ, ಒಳಗೆ ಎಳೆದು ಬೀಗ ಹಾಕೋಣ ಎಂದು ಗೊರ್ದೊ ಪಿಸುಗುಟ್ಟಿದ. ಒಂದು ಸಲ ನೋಡೋಣ, ಬ್ರೂನೊನಿಗೆ ಮನಸ್ಸು ತಿರುಗಬಹುದು ಎಂದೆ. ತಿರುಗಿರಲಿಲ್ಲ.

ಮೆಕ್ಯಾನಿಕ್ ಪಾತ್ರದವನು ಏಣಿ ಇಳಿದು ಮೂತಿಯ ಮುಂದೆ ನಿಂತು ನಾಲ್ಕು ಪಿನ್ನು ಎತ್ತಿದ. ಒಳಗೆ ಕೂತ ಲಿಸಾಂದ್ರೊ ಬೆರಳು ಮಡಚಿದ. ಒಂದು, ಎರಡು, ಮೂರು, ನಾಲ್ಕು. ಕೈ ಅಲ್ಲೇ ನಿಂತಿತು.

"ಕಟ್! ಲಿಸಾಂದ್ರೊ, ಹೆಬ್ಬೆರಳು!"

"ಹೂಂ, ಸಾರಿ."

ಮತ್ತೆ ತೆಗೆದರು. ಮತ್ತೆ ನಾಲ್ಕಕ್ಕೆ ನಿಂತ. ಮೂರನೆಯ ಸಲವೂ ಅದೇ. ಬ್ರೂನೊ ವಿಮಾನದ ಹತ್ತಿರಕ್ಕೇ ನಡೆದು ಬಂದ.

"ಏನಾಗಿದೆ ನಿಂಗೆ?"

"ನಾಲ್ಕೇ ಇದೆಯಲ್ಲ."

"ಅದೇ ಸೀನು ಕಣೋ! ಒಂದು ಮರ್ತಿದ್ದಾನೆ!"

"ಅವನು ಮರ್ತ. ಸರಿ. ನಾನು?" ಲಿಸಾಂದ್ರೊ ಶಿರಸ್ತ್ರಾಣ ತೆಗೆದ. "ನಾಲ್ಕು ನೋಡಿ ಹೆಬ್ಬೆರಳು ಎತ್ತಿದ್ರೆ ಈ ಇರುಸ್ತಾ ಎಣಿಸೋಕೂ ಬಾರದ ಪೆದ್ದ ಆಗ್ತಾನೆ. ಹಂಗಾದ್ರೆ ನಾನು ಯಾರ ಪಾತ್ರ ಮಾಡ್ತಿದ್ದೀನಿ?"

ಗೊರ್ದೊ ಗಟ್ಟಿಯಾಗಿ ನಕ್ಕ. ನನಗೆ ನಗು ಬರಲಿಲ್ಲ. ರಾತ್ರಿಯೆಲ್ಲ ನಾನು ಯೋಚಿಸಿದ್ದು ನನಗಾದ ಅವಮಾನ, ಎರ್ಮಿನಿಯಾಳ ನೋವು ಇಷ್ಟೇ. ಆ ಹಾಳೆಗಳು ತಾದೆಯೊನನ್ನೇ ಹಳಿಯುತ್ತಿವೆ ಎಂಬುದು ನನಗೆ ಹೊಳೆದಿರಲಿಲ್ಲ. ಅದನ್ನು ಕಂಡವನು ಯುದ್ಧ ಮುಗಿದು ಹತ್ತು ವರ್ಷದ ಮೇಲೆ ಹುಟ್ಟಿದ ಒಬ್ಬ ನಟ.

ಬ್ರೂನೊ ನನ್ನ ಕಡೆ ತಿರುಗಿದ. "ಇದನ್ನೆಲ್ಲ ಅವನ ತಲೆಗೆ ತುಂಬಿದ್ದು ನೀವೇ."

"ಹೌದು, ನಾನೇ" ಎಂದೆ.

ಮೂತಿಯ ಮುಂದೆ ಹೋಗಿ ನಿಂತೆ. ಜೇಬಿನಿಂದ ಐದನ್ನೂ ತೆಗೆದು ತಲೆಯ ಮೇಲೆ ಎತ್ತಿದೆ. ಗಾಳಿಗೆ ಪಟ್ಟಿಗಳು ಪಟಪಟ ಹೊಡೆದುಕೊಂಡವು. ಲಿಸಾಂದ್ರೊ ಶಿರಸ್ತ್ರಾಣ ಹಾಕಿಕೊಂಡ. ಐದು ಬೆರಳು ಮಡಚಿದ. ಹೆಬ್ಬೆರಳು ಎತ್ತಿದ. ಕ್ಯಾಮೆರಾ ಓಡುತ್ತಿತ್ತೋ ಇಲ್ಲವೋ ತಿಳಿಯದು.

"ಈ ವಿಮಾನ ಐದಕ್ಕೆ ಹೊರಡುತ್ತೆ. ನಾಲ್ಕಕ್ಕೆ ಹೊರಡಲ್ಲ" ಎಂದೆ.

"ಕಂಪ್ಯೂಟರಿನಲ್ಲಿ ಮಾಡ್ಕೋತೀವಿ ಬಿಡಿ" ಎಂದ ಬ್ರೂನೊ.

"ಮಾಡ್ಕೊಳ್ಳಿ. ಅದಕ್ಕೆ ಮೆಕ್ಯಾನಿಕ್ ಬೇಕಾಗಿಲ್ಲ."

ಅಷ್ಟರಲ್ಲಿ ಗೊರ್ದೊ ಟ್ರ್ಯಾಕ್ಟರನ್ನು ವಿಮಾನಕ್ಕೆ ಜೋಡಿಸಿಯೂ ಆಗಿತ್ತು. "ಸಂತರೇ, ದಾರಿ ಬಿಡಿ, ಕಾಲ ಮೇಲೆ ಹತ್ತಿಸ್ಬಿಟ್ಟೇನು" ಎಂದು ಕೂಗಿದ. ನನ್ನ ಜಪಮಾಲೆಯನ್ನು ಕಂಡು ಅವನು ಇಟ್ಟ ಹೆಸರು ಅದು. ವಿಮಾನ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಮಾಡು ಇನ್ನೂ ಸೋರುತ್ತಿದೆ. ಸಂಘದಲ್ಲಿ ಇಬ್ಬರು ಈಗಲೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಮಳೆ ಬಂದಾಗ ನಾನೇ ಹೋಗಿ ರೆಕ್ಕೆಯ ಮೇಲೆ ತಾಡಪಾಲು ಹೊದಿಸಿ ಬರುತ್ತೇನೆ.

ಅಂದು ಅಲ್ಲಿಂದ ನೇರವಾಗಿ ಎರ್ಮಿನಿಯಾಳ ಮನೆಗೆ ಹೋದೆ. ಹಾಳೆಯಲ್ಲಿ ಇದ್ದದ್ದನ್ನು ಹೇಳಿದೆ. ಪಿನ್ನುಗಳನ್ನು ಅವಳ ಮಡಿಲಲ್ಲಿ ಇಟ್ಟೆ. ಇಷ್ಟು ವರ್ಷ ಅವನ್ನು ಅವಳಿಗೆ ತೋರಿಸಿರಲಿಲ್ಲ. ತೋರಿಸಿದರೆ ಸಮಜಾಯಿಷಿ ಕೊಡಲು ಬಂದ ಹಾಗೆ ಆಗುತ್ತದೆಂದು ಅಂಜಿದ್ದೆ.

ಅವಳು ಒಂದೊಂದನ್ನೇ ಮುಟ್ಟಿ ಎಣಿಸಿದಳು.

"ಪ್ಯಾರಾಶೂಟ್ ಯಾಕೆ ತೆರೀಲಿಲ್ಲ ಅಂತ ನಾನು ನಿನ್ನ ಯಾವತ್ತೂ ಕೇಳ್ಲಿಲ್ಲ ಎಲ್ಬಿಯೊ. ಕೇಳಿದ್ರೆ ನಿನ್ನ ಮೇಲೆ ಸಂಶಯ ಅಂತ ನೀನು ತಿಳ್ಕೋತಿದ್ದೆ."

"ಈಗ ಕೇಳು."

"ಯಾಕೆ ತೆರೀಲಿಲ್ಲ?"

"ಅವನು ನೀರಿಂದ ಹತ್ತು ಮೀಟರ್ ಮೇಲಿದ್ದ. ಆ ವೇಗದಲ್ಲಿ, ಅಷ್ಟು ಕೆಳಗೆ, ಗುಂಡು ತಾಗಿದ್ದಕ್ಕೂ ನೀರು ತಾಗಿದ್ದಕ್ಕೂ ನಡುವೆ ಕೈ ಎತ್ತೋಕೆ ಹೊತ್ತಿರ್ಲಿಲ್ಲ. ಹಿಡಿ ಎಳೆದೂ ಕೆಲಸ ಮಾಡ್ಲಿಲ್ಲ ಅಂತ ಅಲ್ಲ ಎರ್ಮಿನಿಯಾ. ಅವನು ಎಳೀಲೇ ಇಲ್ಲ. ಹೆದರೋಕೂ ಪುರುಸೊತ್ತು ಸಿಕ್ಕಿರಲ್ಲ."

ಅವಳು ಪಿನ್ನುಗಳನ್ನು ಮೇಜಿನ ಮೇಲಿಟ್ಟಳು. ಆಮೇಲೆ ಎದ್ದು ಕಪಾಟಿನಿಂದ ಕಾಗದ, ಪೆನ್ನು ತಂದಳು.

"ಅವರಿಗೆ ಕೊಟ್ಟ ಒಪ್ಪಿಗೆ ವಾಪಸ್ ತಗೋತೀನಿ. ಸಿನಿಮಾ ಮಾಡೋದಾದ್ರೆ ಮಾಡ್ಲಿ. ನನ್ನ ತಮ್ಮನ ಹೆಸರು ಬೇಡ. ಊರಲ್ಲಿ ಯಾವನಾದ್ರೂ ನಿನ್ನ ಬಗ್ಗೆ ಬಾಯಿ ಬಿಟ್ರೆ ನನ್ನ ಹತ್ರ ಕಳ್ಸು. ನಾನಿನ್ನೂ ಸತ್ತಿಲ್ಲ." ಬರೆದು ಮುಗಿಸಿ ಪಿನ್ನುಗಳನ್ನು ನನ್ನ ಕಡೆಗೆ ಚಾಚಿದಳು. "ಇವನ್ನ ಇಗರ್ಜೀಲಿ ಇಟ್ಬಿಡೋಣ್ವಾ? ನಿಂಗೂ ಭಾರ ಕಡಿಮೆ ಆಗುತ್ತೆ."

"ಇಲ್ಲ. ವಿಮಾನ ಮರಳೋವರೆಗೂ ಇವು ಮೆಕ್ಯಾನಿಕ್‌ನ ಜೇಬಲ್ಲೇ ಇರ್ಬೇಕು. ನಾನು ಸತ್ತಾಗ ನನ್ನ ಕೈಯಲ್ಲಿಟ್ಟು ಕಳ್ಸಿ. ಅಲ್ಲಿ ಅವನಿಗೆ ತೋರಿಸ್ತೀನಿ. ಅವನು ಎಣಿಸ್ಲಿ."

"ಹಾಗಾದ್ರೆ ಇಟ್ಕೋ" ಎಂದಳು. ನಂತರ ಇಬ್ಬರೂ ಅವಳ ಮೇಜಿನ ಮುಂದೆಯೇ ಕೈ ಜೋಡಿಸಿದೆವು.

ಪ್ರಭುವೇ, ತಾದೆಯೊ ಇರುಸ್ತಾನನ್ನು ಮರೆಯಬೇಡ. ಇಳಿಯಲು ನೆಲ ಸಿಗದೆ ಹೋದ ಅವನಿಗೆ ನಿನ್ನ ಅಂಗಳದಲ್ಲಿ ನೆಲ ಕೊಡು. ನಾನು ಬಿಗಿದ ಪಟ್ಟಿಗಳನ್ನು ನಿನ್ನ ಕೈಯಿಂದಲೇ ಸಡಿಲಿಸು. ಅವನು ಬೇಕಾದಷ್ಟು ಉಸಿರಾಡಲಿ, ನೆಮ್ಮದಿಯಾಗಿ ಮಲಗಲಿ. ಆಮೆನ್.