ಹಸಿರು ಚಿಂದಿ ಕಟ್ಟಿದ ಕ್ಯಾಸೆಟ್ಟು

ಶಿವಕಾಂತಾಳ ಕಾರ್ಡು ಬಂದು ಎಂಟು ದಿನವಾಗಿತ್ತು. ವಜೀರುನ್ನಿಸಾ ಅದನ್ನು ಓದಿದವಳೇ ಹೊಲಿಗೆ ಮಶೀನಿನ ಖಾನೆಯಲ್ಲಿ ಗುಂಡಿಯ ಡಬ್ಬಿಯ ಕೆಳಗೆ ತುರುಕಿದ್ದಳು. ಕಾರ್ಡು ಬಚ್ಚಿಟ್ಟರೆ ಬರುವ ಹುಡುಗಿ ಬರದೆ ಇರುತ್ತಾಳೆಯೇ? ಐವತ್ತು ದಾಟಿದ, ಆಳಂದದ ಅರ್ಧ ಊರಿಗೆ ಕುಪ್ಪಸ ಹೊಲಿದುಕೊಟ್ಟ ಹೆಂಗಸಿಗೆ ಇಷ್ಟು ತಿಳಿಯದೇನಲ್ಲ. ಆದರೂ ಹೆದರಿದವರು ಹೀಗೇ ಮಾಡುತ್ತಾರೆ.

ಕಾರ್ಡಿನಲ್ಲಿ ಇದ್ದದ್ದು ನಾಲ್ಕೇ ಸಾಲು. 'ಖಾಲಾ, ನಾನು ಕಾಶಿಬಾಯಿ ಮಗಳು. ನಮ್ಮ ಅವ್ವ ಜೇವರ್ಗಿಯ ಸಭೆಯಲ್ಲಿ ಮಾತಾಡಿದ ಕ್ಯಾಸೆಟ್ಟು ನಿಮ್ಮ ಹತ್ತಿರ ಇದೆಯೆಂದು ದೊಡ್ಡವ್ವ ಹೇಳಿದಳು. ಅವ್ವನ ಒಂದು ಫೋಟೋ ನನ್ನಲ್ಲಿದೆ. ದನಿ ಹೇಗಿತ್ತೆಂದು ನೆನಪಿಲ್ಲ. ಬರುವ ರವಿವಾರ ಬರುತ್ತೇನೆ.'

ಕಾಶಿಬಾಯಿ ಕಾಮಾಲೆಯಾಗಿ ತೀರಿಕೊಂಡಾಗ ಈ ಹುಡುಗಿಗೆ ಮೂರು ವರ್ಷ. ಅಫಜಲಪುರದ ದೊಡ್ಡವ್ವ ಕರೆದುಕೊಂಡು ಹೋಗಿ ಸಾಕಿದಳು. ಅದಾಗಿ ಹದಿನೈದು ವರ್ಷ.

ಕ್ಯಾಸೆಟ್ಟುಗಳ ಕತೆ ಅದಕ್ಕೂ ಹಿಂದಿನದು. ಎಪ್ಪತ್ತೊಂಬತ್ತರಲ್ಲಿ ನಿಂಬರ್ಗಾ, ಮಾದನಹಿಪ್ಪರಗಾ ಕಡೆಯ ಹೆಣ್ಣಾಳುಗಳು ಗಂಡಸರ ಸರಿಸಮ ಕೂಲಿ ಬೇಕೆಂದು ತೊಗರಿ ಹೊಲದಿಂದ ಎದ್ದು ಬಂದು ಕಚೇರಿಗಳ ಮುಂದೆ ಕುಳಿತರು. ಸಾಹೇಬರು ಹೊರಗೆ ಬಂದು 'ಆಯ್ತು' ಅನ್ನುವರು, ವಾರ ಕಳೆದರೆ 'ನಾನೆಲ್ಲಿ ಅಂದೆ?' ಅನ್ನುವರು. ಎರಡು ಸಲ ಹೀಗಾದ ಮೇಲೆ ವಜೀರುನ್ನಿಸಾ ತನ್ನ ತಮ್ಮ ನಿಜಾಮುದ್ದೀನ ಮುಂಬೈಯಿಂದ ತಂದಿದ್ದ ಟೇಪ್‌ರೆಕಾರ್ಡರ್ ಎತ್ತಿಕೊಂಡು ಹೋದಳು. ಇನ್ನು ಮುಂದೆ ಅಂದ ಮಾತನ್ನು ಅಂದವರಿಗೇ ಕೇಳಿಸಬಹುದು! ಘೋಷಣೆ ಕೂಗುವವಳು ಅವಳೇ ಆದ್ದರಿಂದ ಅವಳ ಎರಡೂ ಕೈ ಮೇಲಿರುತ್ತಿದ್ದವು. ಹಾಗಾಗಿ ಟೇಪು ಹಿಡಿಯುವ ಕೆಲಸ ಕಾಶಿಬಾಯಿಯ ಪಾಲಿಗೆ ಬಂತು. ಕಾಶಿಬಾಯಿ ನಾಚಿಕೆಯ ಹೆಂಗಸು. ನಾಲ್ಕು ಜನರ ಮುಂದೆ ನಾಲಿಗೆ ಏಳದು. ಮಗಳು ಸೊಂಟದಲ್ಲಿ, ಟೇಪು ಎದೆಯ ಮೇಲೆ. ಎರಡನ್ನೂ ಒಂದೇ ಅಕ್ಕರೆಯಿಂದ ಹೊರುತ್ತಿದ್ದಳು.

ಅವಳಿಗೆ ಓದು ಬರದು. ಅದಕ್ಕೇ ವಜೀರುನ್ನಿಸಾ ಕ್ಯಾಸೆಟ್ಟಿನ ಮೇಲೆ ಹೆಸರು ಬರೆಯಲಿಲ್ಲ, ಬಟ್ಟೆಯ ಚಿಂದಿ ಕಟ್ಟಿದಳು. ದರ್ಜಿಯ ಮನೆಯಲ್ಲಿ ಚಿಂದಿಗೇನು ಬರಗಾಲ! ಆಳಂದದ್ದಕ್ಕೆ ಕೆಂಪು, ಅಫಜಲಪುರದ್ದಕ್ಕೆ ನೀಲಿ, ಜೇವರ್ಗಿಯದಕ್ಕೆ ಹಸಿರು. ಜೇವರ್ಗಿಗೆ ಹೋದದ್ದು ಒಂದೇ ಸಲ. ಅಲ್ಲಿಯೇ ಕಾಶಿಬಾಯಿ ಜನ್ಮದಲ್ಲಿ ಮೊದಲ ಸಲ ಎದ್ದು ನಿಂತು ಹತ್ತು ನಿಮಿಷ ಮಾತಾಡಿದ್ದಳು. ಕೊನೆಯ ಸಲವೂ ಅದೇ.

ರವಿವಾರ ಮಧ್ಯಾಹ್ನ ಶಿವಕಾಂತಾ ಬಂದಳು. ತೆಳ್ಳಗಿನ ಹುಡುಗಿ, ಶಾಲೆಯ ಶಿಕ್ಷಕಿಯಾಗಲು ಟಿ.ಸಿ.ಎಚ್. ಓದುತ್ತಿದ್ದಳು. ಹೊಸ್ತಿಲಲ್ಲಿ ಬಗ್ಗಿ ಕಾಲು ಮುಟ್ಟಿದಾಗ ಬೈತಲೆಯ ಪಕ್ಕದ ಸುಳಿ ವಜೀರುನ್ನಿಸಾಳ ಕಣ್ಣಿಗೆ ಬಿತ್ತು. ಅದೇ ಸುಳಿ ತಾಯಿಗೂ ಇತ್ತು.

"ಊಟ ಮಾಡವ್ವ ಮೊದಲು."

"ಆಗ್ಯಾದ್ರಿ ಖಾಲಾ. ಟೇಪ್ ಹಚ್ರಿ."

"ಚಹಾ?"

"ಆಮ್ಯಾಲೆ ಕುಡೀತೇನ್ರಿ."

ತಪ್ಪಿಸಿಕೊಳ್ಳಲು ಇನ್ನೇನೂ ಉಳಿಯಲಿಲ್ಲ. ಟ್ರಂಕು ಎಳೆದಳು. ಬೇವಿನ ಸೊಪ್ಪಿನ ನಡುವೆ ಇಪ್ಪತ್ತಾರು ಕ್ಯಾಸೆಟ್ಟುಗಳು. ಬೇಕೆಂದೇ ಕೆಂಪು ಚಿಂದಿಯದನ್ನು ಹಾಕಿ, 'ಮೊದಲು ಇದರಾಗ ನೋಡೂಣು' ಎಂದಳು. ಅಧಿಕಾರಿಯೊಬ್ಬರ ಭರವಸೆ ಬಂತು, ಯಾರದೋ ಕೆಮ್ಮು ಬಂತು. ಆಮೇಲೆ ಘೋಷಣೆ ಶುರುವಾಗುವ ಸದ್ದು ಕೇಳಿದ್ದೇ ತಡ, ವಜೀರುನ್ನಿಸಾ ಗುಂಡಿ ಒತ್ತಿ ಟೇಪು ಮುಂದೆ ಓಡಿಸಿದಳು. ಯಾವಾಗಲೂ ಹಾಗೇ. ತನ್ನ ಒಡಕು ಗಂಟಲನ್ನು ತಾನೇ ಕೇಳುವುದೆಂದರೆ ಅವಳಿಗೆ ಮೈಯೆಲ್ಲ ಮುಜುಗರ. ಹದಿನೆಂಟು ವರ್ಷದಲ್ಲಿ ಆ ಭಾಗವನ್ನು ಒಮ್ಮೆಯೂ ಪೂರ್ತಿ ಕೇಳಿದವಳಲ್ಲ. ಅಲ್ಲಿ ನಿಲ್ಲಿಸಿ, ಕೇಳಿ, ಮತ್ತೆ ಓಡಿಸಿ ಎರಡು ಕ್ಯಾಸೆಟ್ಟು ಮುಗಿದವು. ಹುಡುಗಿ ಮಂಡಿಯ ಮೇಲೆ ಗದ್ದ ಊರಿ ಒಂದೊಂದು ದನಿಗೂ ಕಣ್ಣು ಅಗಲಿಸುತ್ತಿದ್ದಳು.

"ಇದು ಅವ್ವ ಏನ್ರಿ?"

"ಅಲ್ಲವ್ವ. ಅಕಿ ಭೂಸನೂರದಾಕಿ."

ಮೂರನೆಯ ಕೆಂಪು ಕ್ಯಾಸೆಟ್ಟು ಹಾಕಿದಾಗ ಶಿವಕಾಂತಾ ಮೆತ್ತಗೆ ಕೇಳಿದಳು. "ಖಾಲಾ, ಜೇವರ್ಗಿದು ಹಸಿರು ಅಂತಲ್ರಿ? ದೊಡ್ಡವ್ವ ಹೇಳ್ಯಾಳ. ಅದನ್ನೇ ಹಚ್ಚಬಾರದೇನ್ರಿ?"

ವಜೀರುನ್ನಿಸಾಳ ಕೈ ಗುಂಡಿಯಿಂದ ಜಾರಿತು. ಸುಳ್ಳಿಗೂ ಒಂದು ತಾಕತ್ತು ಬೇಕು. ಆ ಸುಳಿಯ ಮುಂದೆ ಕುಳಿತು ಸುಳ್ಳು ಹೇಳುವ ತಾಕತ್ತು ಅವಳಲ್ಲಿ ಇರಲಿಲ್ಲ.

"ಅದು ಇಲ್ಲ, ಬೇಟಿ. ನಾನೇ ಅಳಿಸೀನಿ."

ಹುಡುಗಿ ಮಂಡಿಯ ಮೇಲಿಂದ ಗದ್ದ ಎತ್ತಿದಳು.

"ಎಂಬತ್ತೈದರಾಗ ತಮ್ಮನ ಮದುವಿ ಇತ್ತು. ಮನೀ ತುಂಬ ಹಸಿರು ಬಟ್ಟಿ ಬಿದ್ದಿದ್ವು. ಹೆಂಗಸರು ಹಾಡೂದು ತುಂಬೂಣು ಅಂತ ಹೊಸಾ ಕ್ಯಾಸೆಟ್ಟು ತಂದು, ಅದಕ್ಕೂ ಮದುವೀದ ಹಸಿರು ಚಿಂದೀನ ಕಟ್ಟಿದ್ದೆ. ಗಡಬಡಿಯೊಳಗ ಯಾವುದು ಕೈಗೆ ಸಿಕ್ತು ಅಂತ ನೋಡಲಿಲ್ಲ. ಎರಡ್ ದಿನ ಬಿಟ್ಟು ಹೊಸಾದು ಟ್ರಂಕಿನಾಗ ಖಾಲೀನೇ ಸಿಕ್ತು ನೋಡು, ಆವಾಗ ಗೊತ್ತಾತು. ನಿಮ್ಮವ್ವನ ಮಾತಿನ ಮ್ಯಾಲೆ ಢೋಲಕ್ ಬಾರಿಸಿ ಬಿಟ್ಟಿದ್ವಿ. ಯಾರ ಮುಂದೂ ಹೇಳಿಲ್ಲವ್ವ. ಹನ್ನೆರಡು ವರ್ಷ ಆತು. ಹೆಂಗ ಹೇಳ್ಲಿ?"

"ಪೂರಾ ಹೋಗ್ಯಾದ್ರಿ?"

"ಪೂರಾ."

ಶಿವಕಾಂತಾ ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ತಾನು ತಂದಿದ್ದ ಹೊಸ ಖಾಲಿ ಕ್ಯಾಸೆಟ್ಟನ್ನು, ಅವ್ವನ ಮಾತು ಇಳಿಸಿಕೊಳ್ಳಲಿಕ್ಕೆಂದು ತಂದದ್ದು, ಚೀಲದೊಳಗೆ ಇಟ್ಟುಕೊಂಡಳು. "ಇರ್ಲಿ ಬಿಡ್ರಿ. ನೀವೇನು ಬೇಕಂತ ಮಾಡೀರೇನು," ಎಂದು ಸೆರಗು ಸರಿಪಡಿಸಿಕೊಂಡು ಎದ್ದಳು. "ನಾಲ್ಕರ ಬಸ್ಸಿಗೆ ಹೋಗ್ತೇನ್ರಿ."

ಇಷ್ಟು ಹೊತ್ತೂ ಟೇಪು ಓಡುತ್ತಲೇ ಇತ್ತು. ಯಾರೂ ಗುಂಡಿ ಒತ್ತದೆ ಇದ್ದುದರಿಂದ ಘೋಷಣೆಯೂ ಶುರುವಾಗಿಬಿಟ್ಟಿತ್ತು.

"ಗಂಡಾಳಿಗೆ ಎಷ್ಟು?" ಎಂದು ವಜೀರುನ್ನಿಸಾಳ ಗಂಟಲು ಕಿರುಚಿತು.

"ಹೆಣ್ಣಾಳಿಗೂ ಅಷ್ಟು!" ಎಂದು ನೂರು ಹೆಂಗಸರು ಓಗೊಟ್ಟರು.

ಅದರ ಬಾಯಿಯನ್ನಾದರೂ ಮೊದಲು ಮುಚ್ಚಿಸೋಣವೆಂದು ವಜೀರುನ್ನಿಸಾ ಬಗ್ಗಿದಳು. ಬೆರಳು ಗುಂಡಿಯ ಮೇಲಿತ್ತು. ಆಗ ಕೇಳಿಸಿತು. ನೂರು ದನಿ ನಿಂತ ಮೇಲೆ, ಹಿಂದೆ ಉಳಿದ ಒಂದು ದನಿ ಒಂದೇ ಒಂದು ಮಾತು ಅಂದಿತು.

"ಅಷ್ಟು."

ದೂರದ್ದಲ್ಲ, ಟೇಪಿಗೆ ತುಟಿ ತಾಗುವಷ್ಟು ಹತ್ತಿರದ್ದು.

"ಕುಂದರವ್ವ," ಎಂದಳು ವಜೀರುನ್ನಿಸಾ. "ಶಿವಾ, ಕುಂದರ. ಕೇಳು."

"ಗಂಡಾಳಿಗೆ ಎಷ್ಟು?"

"ಹೆಣ್ಣಾಳಿಗೂ ಅಷ್ಟು!"

"...ಅಷ್ಟು."

"ಯಾರ್ರಿ ಅದು?"

"ನಿಮ್ಮವ್ವ! ಅಯ್ಯ ಅಲ್ಲಾ, ನಿಮ್ಮವ್ವ! ಅಕಿ ಯಾವಾಗ್ಲೂ ಎಲ್ಲಾರಿಗಿಂತ ಹಿಂದ. ಎಲ್ಲಾರು ಅಂದು ಮುಗಿಸಿದ್ ಮ್ಯಾಲೆ ಅಕಿ ಅಂತಿದ್ಲು. ನಾವೆಲ್ಲಾ ನಗ್ತಿದ್ವಿ, ಕಾಶಿ, ನಿನ್ನ ಬಂಡಿ ಇನ್ನಾ ಹಿಪ್ಪರಗಾದಾಗೇ ಅದ ಏನಂತ. ಟೇಪು ಅಕಿ ಎದಿ ಮ್ಯಾಲೇ ಇರ್ತಿತ್ತು. ಅಕಿ ದನಿ ಹಿಡೀದೇ ಇನ್ಯಾರದು ಹಿಡೀತದ?"

ಶಿವಕಾಂತಾ ನೆಲದ ಮೇಲೆ ಮತ್ತೆ ಕುಳಿತಳು. ಟೇಪಿಗೆ ಕಿವಿ ಹಚ್ಚಿದಳು. ತೆಳ್ಳಗಿನ, ತುಸು ಮೂಗಿನಿಂದ ಬರುವ, ನಾಚಿದಂಥ ದನಿ. ಅಂದು ಮುಗಿಸುವಾಗ ಸಣ್ಣಗೆ ಮೇಲಕ್ಕೆ ಏರುತ್ತಿತ್ತು. ಹುಡುಗಿ ತುಟಿ ಅಲ್ಲಾಡಿಸಿ ತಾನೂ ಅಂದು ನೋಡಿದಳು, ಅವಳ ದನಿಯೂ ಹಾಗೇ ಏರಿತು. ಆಗ ಅವಳಿಗೆ ಅಳು ಬಂತು. ವಜೀರುನ್ನಿಸಾ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು.

ಆಮೇಲೆ ಟ್ರಂಕನ್ನೇ ಬೋರಲು ಹಾಕಿದರು. ನೀಲಿ, ಕೆಂಪು, ಯಾವುದನ್ನು ಹಾಕಿದರೂ ಘೋಷಣೆ ಇತ್ತು, ಘೋಷಣೆ ಇದ್ದಲ್ಲೆಲ್ಲ ಕಾಶಿಬಾಯಿ ಒಂದು ಹೆಜ್ಜೆ ಹಿಂದೆ ಬರುತ್ತಿದ್ದಳು. ಒಂದು ಕಡೆ ಉಸಿರು ಸಾಲದೆ ಕೆಮ್ಮಿದಳು, ಇನ್ನೊಂದು ಕಡೆ ಅನ್ನುತ್ತ ಅನ್ನುತ್ತ ನಕ್ಕುಬಿಟ್ಟಳು. ನಾಲ್ಕರ ಬಸ್ಸು ಹೋಯಿತು, ಐದರದೂ ಹೋಯಿತು.

"ಹತ್ತು ನಿಮಿಷದ ಮಾತು ಕಳೆದೆ," ಎಂದಳು ವಜೀರುನ್ನಿಸಾ, ಕಣ್ಣೊರೆಸಿಕೊಳ್ಳುತ್ತ. "ಉಳಿದದ್ದು ಬರೀ ನನ್ನ ಕಿರುಚಾಟ. ಅದರ ನಡುವ ಅಕಿದು ಒಂದೊಂದು ಮಾತು. ಮಾಫ್ ಮಾಡು, ಬೇಟಿ. ಇಳಿಸ್ಕೋಳುವಾಗ ನನ್ನ ದನಿ ಬಿಟ್ಟು ಇಳಿಸ್ಕೋ."

ಶಿವಕಾಂತಾ ತಲೆ ಅಲ್ಲಾಡಿಸಿದಳು. ಚೀಲದಿಂದ ಖಾಲಿ ಕ್ಯಾಸೆಟ್ಟು ಮತ್ತೆ ಹೊರಗೆ ತೆಗೆದಳು.

"ಬಿಡಾಂಗಿಲ್ರಿ ಖಾಲಾ. ನೀವು 'ಎಷ್ಟು' ಅಂತ ಕೇಳಿದ್ರೇನೇ ಅವ್ವ ಮಾತಾಡ್ತಾಳ."