ತೋಟದ ಎಡಗೈ

ಮಾವನ ಕತ್ತರಿಯನ್ನು ಅಡುಗೆಮನೆಯ ಕಪಾಟಿನ ಮೇಲೆ ಎತ್ತಿಟ್ಟವಳು ನಾನು. ಎತ್ತಿಡು ಎಂದವರು ನನ್ನ ಗಂಡ. ಮಾವ ಐವತ್ತು ವರ್ಷದಿಂದ ದರ್ಜಿ; ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಂಥವರ ಕೈಯಿಂದ ಕತ್ತರಿ ಹೋಗಿದ್ದು ಟೊಮೆಟೊ ಗಿಡದ ದೆಸೆಯಿಂದ ಎಂದರೆ ಕೇಳಿದವರು ನಕ್ಕಾರು. ನನಗಂತೂ ನಗು ಬರುವುದಿಲ್ಲ.

ಮನೆಯ ಹಿಂದೆ ಸಾಲಾಗಿ ನಾಲ್ಕು ಮಡಿಗಳ ತರಕಾರಿ ತೋಟವಿದೆ. ಹಿತ್ತಿಲ ಬಾಗಿಲಿನಿಂದ ಆರು ಮೆಟ್ಟಿಲು ಇಳಿಯಬೇಕು. ಒಂದು ಮಡಿ ಟೊಮೆಟೊ, ಬದನೆಗೆ, ಒಂದು ಹುರುಳಿಕಾಯಿಗೆ, ಒಂದು ಸೊಪ್ಪಿಗೆ, ಉಳಿದದ್ದು ಮೂಲಂಗಿ, ಕ್ಯಾರೆಟ್ಟಿಗೆ. ವರ್ಷಕ್ಕೊಮ್ಮೆ ಎಲ್ಲವೂ ಒಂದೊಂದು ಮಡಿ ಆಚೆ ಸರಿಯಬೇಕು. ಟೊಮೆಟೊ ಕೂತಲ್ಲೇ ಕೂತರೆ ಮಣ್ಣಿನಲ್ಲಿ ಸೊರಗು ರೋಗ ಠಿಕಾಣಿ ಹೂಡುತ್ತದೆ. ಈ ಸರದಿಯೆಲ್ಲ ಮಾವನ ತಲೆಯಲ್ಲಿತ್ತು. ನಾನು ಆಸ್ಪತ್ರೆಯ ನರ್ಸು. ಪಾಳಿ ಮುಗಿಸಿ ಬಂದವಳ ಕಣ್ಣಿಗೆ ಬುಟ್ಟಿಯಲ್ಲಿನ ಹಣ್ಣು ಬೀಳುತ್ತಿತ್ತೇ ಹೊರತು ಅದು ಯಾವ ಮಡಿಯದೆಂದು ಕೇಳಿದವಳೇ ಅಲ್ಲ.

ಎರಡು ವರ್ಷದ ಹಿಂದೆ ಮಾವನ ಮಂಡಿ ಕೈಕೊಟ್ಟಿತು. ಮೆಟ್ಟಿಲು ಇಳಿಯುವುದು ನಿಂತಿತು. ಅಂದಿನಿಂದ ಅವರು ಹೊಲಿಗೆ ಯಂತ್ರದ ಮುಂದೆ ಕೂತು ಚೀಟಿ ಬರೆಯುವುದು, ನಾನು ನೆಡುವುದು. ಮೊದಲ ಚೀಟಿಯಲ್ಲಿ 'ಟೊಮೆಟೊ, ಎಡದಿಂದ ಮೂರನೆಯದು' ಎಂದಿತ್ತು. ಹಾಗೇ ನೆಟ್ಟೆ. ಗಿಡ ಆಳೆತ್ತರ ಬೆಳೆದು, ಹೂ ಬಿಟ್ಟು, ಒಂದೇ ವಾರದಲ್ಲಿ ಜೋತು ಬಿತ್ತು. ಮರುವರ್ಷ 'ಎಡದಿಂದ ನಾಲ್ಕನೆಯದು'. ಅದಕ್ಕೂ ಅದೇ ಗತಿ.

"ಆ ಮಣ್ಣಿಗೆ ಟೊಮೆಟೊ ಹೋಗಿ ಮೂರು ವರ್ಷದ ಮೇಲಾಯ್ತಮ್ಮ. ಸೊರಗೋದಕ್ಕೆ ಕಾರಣವೇ ಇಲ್ಲ" ಎಂದರು ಮಾವ.

ಕಾರಣವಿಲ್ಲದೆ ಸತ್ತ ಗಿಡಗಳನ್ನು ಕಿತ್ತು ಹಾಕಿದವಳು ನಾನು. ನನಗೆ ಮೈಯೆಲ್ಲ ಉರಿಯಿತು. ಗಂಡ ಬಸ್ಸಿನ ಚಾಲಕರು, ಯಾವುದನ್ನೂ ಎಳೆದಾಡುವವರಲ್ಲ. "ಅಪ್ಪನಿಗೆ ಮರೆವು ಶುರುವಾಗಿದೆ ಕಣೇ. ಗಿರಾಕಿ ಬಟ್ಟೆ ಹಾಳಾಗೋಕೆ ಮುಂಚೆ ಕತ್ತರಿ ತೆಗೆದಿಡು" ಎಂದರು. ನಾನೂ ಹೂಂ ಎಂದೆ. ಮಾವ ಜಗಳವಾಡಲಿಲ್ಲ. ಕತ್ತರಿಯನ್ನು ಒರೆಸಿ, ಹಿಡಿ ನನ್ನ ಕಡೆ ಮಾಡಿ ಕೊಟ್ಟರು. ಆಮೇಲೆ ಗುಂಡಿ ಹಾಕುವುದು, ಹರಿದದ್ದು ಹೊಲಿಯುವುದು, ಅಷ್ಟೇ ಅವರ ಪಾಲಿಗೆ ಉಳಿಯಿತು.

ಈ ವರ್ಷದ ಚೀಟಿ ಬಂದಾಗ ನಂಬಲೋ ಬಿಡಲೋ ತಿಳಿಯಲಿಲ್ಲ. 'ಟೊಮೆಟೊ, ಎಡದಿಂದ ಮೊದಲನೆಯದು' ಎಂದಿತ್ತು. ತಟ್ಟೆಯಲ್ಲಿ ಸಸಿ ಗೇಣುದ್ದ ಬೆಳೆದು ನಿಂತಿದ್ದವು. ಮಾವನನ್ನೇ ಕೇಳಿದೆ: "ನೀವು ಕೊನೇ ಸಲ ನೆಟ್ಟಿದ್ದು ಎಲ್ಲಿ, ನೆನಪಿದೆಯಾ ಮಾವ?"

"ವಾದ್ಯದವರಿಗೆ ಕೆಂಪು ಕೋಟು ಹೊಲಿದ ವರ್ಷ. ಗಿಡ ಕಟ್ಟಿದ್ದೂ ಅದರ ಪಟ್ಟಿಯಲ್ಲೇ. ಎಡದಿಂದ ಎರಡನೇ ಮಡಿ" ಎಂದರು, ಕ್ಷಣವೂ ಯೋಚಿಸದೆ.

ಕಡ್ಡಿಗೆ ಗಿಡ ಕಟ್ಟುವುದು ನಮ್ಮಲ್ಲಿ ಯಾವತ್ತೂ ಆ ವರ್ಷ ಉಳಿದ ಬಟ್ಟೆಯ ಪಟ್ಟಿಯಿಂದಲೇ. ನಾನು ನೆಟ್ಟ ಮೊದಲ ವರ್ಷದ್ದು ಶಾಲೆಯ ಸಮವಸ್ತ್ರದ ನೀಲಿ. ಸರಿ, ಮಣ್ಣೇ ಹೇಳಲಿ ಎಂದು ಗುದ್ದಲಿ ಹಿಡಿದು ಇಳಿದೆ. ಎಡದಿಂದ ಎರಡನೆಯದನ್ನು ಅಗೆದೆ. ಕೆಂಪಿನ ಒಂದು ಎಳೆಯೂ ಇಲ್ಲ. ಮೂರನೆಯದನ್ನು ಅಗೆದರೆ ನನ್ನ ನೀಲಿ ಪಟ್ಟಿ, ಅದರ ಜೊತೆಗೇ ಮಾವನ ಕೆಂಪು ಪಟ್ಟಿ. ಅಂದರೆ ಅವರು ಟೊಮೆಟೊ ಕಿತ್ತ ಮಡಿಗೇ ನನ್ನ ಕೈಯಲ್ಲಿ ಮತ್ತೆ ಟೊಮೆಟೊ ನೆಡಿಸಿದ್ದರು. ಹಾಗಿದ್ದರೆ ಎರಡನೆಯದು ಎಂದು ಅಷ್ಟು ಗಟ್ಟಿಯಾಗಿ ಹೇಳುವುದೇಕೆ? ಬಟ್ಟೆಯ ಬಣ್ಣ ನೆನಪಿರುವವರಿಗೆ ಮಡಿ ನೆನಪಿರುವುದಿಲ್ಲವೇ? ತಲೆಬುಡ ಒಂದೂ ಅರ್ಥವಾಗಲಿಲ್ಲ. ಮಣ್ಣುಗೈಯಲ್ಲಿ ಎರಡು ಚಿಂದಿ ಹಿಡಿದು ಮೆಟ್ಟಿಲ ಮೇಲೆ ಕುಕ್ಕರಿಸಿದೆ.

"ನೋಡಿದ್ಯಾ? ಇನ್ನೇನು ಅನುಮಾನ" ಎಂದರು ಗಂಡ. ನನಗೆ ಅನುಮಾನವೇ ಹೆಚ್ಚಾಗಿತ್ತು.

ಮರುದಿನ ಕೆಲಸಕ್ಕೆ ಹೊರಡುವಾಗ ಬಾಗಿಲ ಚಿಲಕಕ್ಕೆ ಸಿಕ್ಕಿ ಕೋಟಿನ ಜೇಬು ಹರಿಯಿತು. ತೊಟ್ಟಿದ್ದ ಹಾಗೇ ಮಾವನ ಮುಂದೆ ಹೋಗಿ ನಿಂತೆ.

"ಎಡದ ಜೇಬು. ಎಡಗೈ ಎತ್ತು" ಎಂದರು. ಎತ್ತಿದೆ. ಅವರು ತಮ್ಮ ಬಲಗೈಯನ್ನು ನೇರ ಮುಂದೆ ಚಾಚಿ ಅಲ್ಲಿ ಗುಂಡುಸೂಜಿ ಚುಚ್ಚಿದರು. ನನ್ನ ಎಡ ಅವರ ಬಲಕ್ಕಿತ್ತು. ಅದನ್ನು ಅವರು ಎಡ ಎಂದೇ ಕರೆದರು.

ಎತ್ತಿದ ಕೈ ಇಳಿಸುವುದು ಮರೆತುಹೋಯಿತು.

"ಮಾವ, ತೋಟದಲ್ಲಿ ಎಡ ಅಂದರೆ ಯಾರ ಎಡ?"

"ಇದೇನು ಪ್ರಶ್ನೆ? ತೋಟದ ಎಡ. ನಮ್ಮ ಕಡೆ ಮುಖ ಮಾಡಿ ನಿಂತಿದೆಯಲ್ಲ ಅದು. ಎದುರಿಗೆ ನಿಂತವರದ್ದೇ ಎಡ, ಅವರದ್ದೇ ಬಲ. ನನ್ನದು ಹಿಡಿದರೆ ಒಂದು ತೋಳೂ ಸರಿಯಾಗಿ ಕೂರಲ್ಲ."

ಬೆರಳು ಮಡಚಿ ಎಣಿಸಿದೆ. ಒಮ್ಮೆ ತಪ್ಪಿತು, ಮತ್ತೆ ಎಣಿಸಿದೆ. ನನ್ನ ಮೂರನೆಯದೇ ಅವರ ಎರಡನೆಯದು. ಕೆಂಪು ಪಟ್ಟಿ ಅವರು ಹೇಳಿದ ಮಡಿಯಲ್ಲೇ ಇತ್ತು. ಚೀಟಿಯನ್ನು ತಿರುವುಮುರುವು ಓದಿ, ಅವರು ಆಗಷ್ಟೇ ಖಾಲಿ ಮಾಡಿದ ಮಡಿಗೆ ಟೊಮೆಟೊ ತುರುಕಿದವಳು ನಾನು. ಮರುವರ್ಷ ನೆಟ್ಟದ್ದೂ ಅವರು ಕೆಂಪು ಕೋಟಿಗೂ ಹಿಂದಿನ ವರ್ಷ ಟೊಮೆಟೊ ಬೆಳೆದ ಮಡಿಯಲ್ಲೇ. ಹದಿನೆಂಟು ವರ್ಷದಿಂದ ಆಸ್ಪತ್ರೆಯ ಕಾಗದದಲ್ಲಿ ಎಡಗಾಲು ಎಂದರೆ ರೋಗಿಯ ಎಡಗಾಲು ಎಂದು ಓದುವ ನನಗೆ ಮನೆಯ ಚೀಟಿ ಓದಲು ಬರಲಿಲ್ಲ. ನಾಚಿಕೆಯಿಂದ ನೆಲ ನೋಡಿದೆ.

ಅಡುಗೆಮನೆಗೆ ಹೋಗಿ ಸ್ಟೂಲು ಹತ್ತಿ ಕತ್ತರಿ ತಂದು ಅವರ ಮುಂದಿಟ್ಟೆ. ನಡೆದದ್ದೆಲ್ಲ ಹೇಳಿದೆ. "ತಪ್ಪು ನನ್ನದು ಮಾವ. ನೀವು ಏನೂ ಮರೆತಿಲ್ಲ."

ಅವರು ಕತ್ತರಿ ಮುಟ್ಟಲಿಲ್ಲ. ಮೇಜಿನ ಖಾನೆಯಿಂದ ಒಂದು ಹಳೆಯ ಅಳತೆ ಪುಸ್ತಕ ತೆಗೆದು ನನಗೆ ಕೊಟ್ಟರು. ಗಿರಾಕಿಗಳ ಎದೆಸುತ್ತು, ತೋಳುದ್ದದ ಕೆಳಗೆ ಹೊಸ ಶಾಯಿಯಲ್ಲಿ ಬರೆದಿದ್ದರು: ಮಗ ಬಸ್ಸಿಗೆ ಹೋಗುವುದು ಆರಕ್ಕೆ. ಸೊಸೆಯ ಪಾಳಿ ಎಂಟಕ್ಕೆ. ನೀರಿನ ನಲ್ಲಿ ನಿಲ್ಲಿಸಬೇಕು. ಹೀಗೇ ಪುಟಗಟ್ಟಲೆ.

"ಮರೆತುಬಿಟ್ಟರೆ ನಿಮಗೆ ತೊಂದರೆ ಅಂತ ಬರೆದುಕೊಳ್ತಿದ್ದೆ" ಎಂದರು. "ಹಾಗಾದರೆ ನಾನು ಮರೆತಿರಲಿಲ್ವಾ?"

"ಇಲ್ಲ ಮಾವ."

"ಒಂದೂ?"

"ಒಂದೂ ಇಲ್ಲ."

ಪುಸ್ತಕವನ್ನು ನನ್ನ ಕೈಯಿಂದ ತೆಗೆದು ಖಾನೆಗೆ ಹಾಕಿ, ಕತ್ತರಿ ಎತ್ತಿಕೊಂಡರು. ಜೇಬಿಗೆ ಹೊಸ ಬಟ್ಟೆಯೇ ಬೇಕು ಎಂದು ಒಂದು ತುಂಡು ಹಾಸಿ ಗೆರೆ ಎಳೆದರು. ಕತ್ತರಿಯ ಬಾಯಿ ಗೆರೆಯವರೆಗೆ ಹೋಗಿ ನಿಂತಿತು. ಅವರು ನನ್ನ ಕೋಟಿನ ಕಡೆ ಬೆರಳು ತೋರಿಸಿ, ದನಿ ತಗ್ಗಿಸಿ ಕೇಳಿದರು:

"ಒಂದು ಸಲ ಹೇಳಿಬಿಡಮ್ಮ. ಎಡ ಅಂದರೆ ಇದೇ ತಾನೇ?"